ಎಡಗಣ್ಣಿಗೆ ಎಣ್ಣೆ, ಬಲಗಣ್ಣಿಗೆ ನೀರು

ನನ್ನ ಆಯಿ, ಅಂದರೆ ಅಪ್ಪನ ತಾಯಿ ಗೊಲ್ಲಾಳಮ್ಮ, ಜನ್ಮದಲ್ಲಿ ಒಂದೇ ಸಲ ಗಂಡನ ಹೆಸರು ಹಿಡಿದು ಕರೆದದ್ದು. ಅದೂ ಏಕವಚನದಲ್ಲಿ, ಅವನ ಎದೆಯ ಮೇಲೆ ಕೂತು, ಅರ್ಧ ಓಣಿ ನಿಂತು ನೋಡುತ್ತಿರುವಾಗ. ಶಹಾಪುರದ ನಮ್ಮ ಸುಣಗಾರ ಓಣಿಯಲ್ಲಿ ಈಗಲೂ ಆ ಮಾತು ತೆಗೆದು ನಗುವವರಿದ್ದಾರೆ. ನಗಲಿ, ಬೇಡವೆನ್ನಲಾರೆ. ಆದರೆ ನಗುವವರಲ್ಲಿ ಅರ್ಧ ಜನಕ್ಕೆ ಅಂದು ಏನಾಯಿತೆಂದು ಸರಿಯಾಗಿ ಗೊತ್ತಿಲ್ಲ. ಒಬ್ಬರು ಜಗಳವಾಯಿತು ಎನ್ನುತ್ತಾರೆ, ಇನ್ನೊಬ್ಬರು ಮೈಮೇಲೆ ದೇವರು ಬಂದಿತ್ತು ಎನ್ನುತ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ. ಆಯಿ ನನಗೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

ಆಯಿಯ ತವರು ಬಳಿಚಕ್ರ. ಅವಳ ಅಪ್ಪ ಅಂಬಣ್ಣನೂ ಸುಣಗಾರರವನೇ. ಆದರೆ ಸುಣ್ಣ ಸುಡುವುದು ಮೈಗೆ ಒಗ್ಗಲಿಲ್ಲವೆಂದು ಭಟ್ಟಿ ಬಿಟ್ಟು ಕುರಿ ಹಿಡಿದವನು. ಹಾಗಾಗಿ ಆಯಿ ಬೆಳೆದದ್ದು ಕುರಿಗಳ ಹಿಂದೆ. ಅಲ್ಲಿ ಹೊಲಗಳಿಗೆಲ್ಲ ಕಳ್ಳಿಯ ಬೇಲಿ. ಮರಿಗಳು ನುಗ್ಗಿ ಕಳ್ಳಿ ಮುರಿದಾಗ ಅದರ ಹಾಲು ಕಣ್ಣಿಗೆ ಸಿಡಿಯುತ್ತಿತ್ತು. ಅಂಬಣ್ಣ ಅಂಥ ಮರಿಯನ್ನು ಹಳ್ಳಕ್ಕೆ ಹೊತ್ತೊಯ್ದು, ಎರಡು ಮೊಣಕಾಲ ನಡುವೆ ಒತ್ತಿ ಹಿಡಿದು, ಹೆಬ್ಬೆರಳಿನಿಂದ ರೆಪ್ಪೆ ಎತ್ತಿ ತಂಬಿಗೆಯಿಂದ ನೀರು ಹೊಯ್ಯುತ್ತಿದ್ದ. ಮರಿ ಒದ್ದಾಡುವುದು ನಿಂತರೂ ಬಿಡುತ್ತಿರಲಿಲ್ಲ.

"ಮರಿ ಸುಮ್ಮನಾತು ಅಂತ ಬಿಡಬಾರದವ್ವಾ. ನಿನ್ನ ಕೈ ಸೋತು ಬೀಳೂತನ ಹೊಯ್ಯಬೇಕು" ಎಂದು ಮಗಳಿಗೆ ಹೇಳುತ್ತಿದ್ದನಂತೆ.

ಮದುವೆಯಾಗಿ ಶಹಾಪುರಕ್ಕೆ ಬಂದಾಗ ಅವಳ ಪಾಲಿಗೆ ಬಂದವನು ನನ್ನ ಅಜ್ಜ ಹಂಪಣ್ಣ. ಗುಡ್ಡದ ಕೆಳಗೆ ಸುಣ್ಣದ ಭಟ್ಟಿ ಇಟ್ಟವನು. ಅಜ್ಜನ ಒಂದು ಗುಣ ಈಗಲೇ ಹೇಳಿಬಿಡಬೇಕು. ಹೆಂಡತಿ ಹೇಳಿದ ಮಾತಿಗೆ ಅವನು ಹೌದು ಎಂದವನಲ್ಲ. ಅವಳು ಬಿಸಿಲು ಎಂದರೆ ಅವನು ಮೋಡ ಎನ್ನಬೇಕು. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಅವಳೇ ಒಪ್ಪಿಕೊಂಡರೂ, ಇಲ್ಲ, ಸಪ್ಪಗಿದೆ ಎಂದು ಮೇಲೆ ಇಷ್ಟು ಉಪ್ಪು ಹಾಕಿಸಿಕೊಂಡು ಉಣ್ಣುವ ಆಸಾಮಿ. ಆಯಿಯೂ ಕಡಿಮೆ ಇರಲಿಲ್ಲ ಬಿಡಿ. ಇಬ್ಬರೂ ಒಂದೇ ಮನೆಯಲ್ಲಿ ಹೇಗೆ ಬಾಳಿದರೋ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಆದರೆ ಭಟ್ಟಿಯ ಮುಂದೆ ನಿಂತಾಗ ಹಂಪಣ್ಣ ಬೇರೆಯೇ ಮನುಷ್ಯ. ಭಟ್ಟಿಯ ಬಾಯಲ್ಲಿ ಏಳುವ ಉರಿಯ ಬಣ್ಣ ನೋಡಿಯೇ ಒಳಗಿನ ಕಲ್ಲು ಎಷ್ಟು ಬೆಂದಿದೆ ಎಂದು ಹೇಳುತ್ತಿದ್ದ. ಉರಿ ಕೆಂಪಗಿದ್ದರೆ ಕಲ್ಲಿನ ಹೊಟ್ಟೆ ಇನ್ನೂ ಹಸಿ. ಬೇಗ ತೆಗೆದರೆ ಸುಣ್ಣವಾಗುವುದಿಲ್ಲ, ತಡವಾದರೆ ಕಲ್ಲು ಸತ್ತುಹೋಗುತ್ತದೆ, ನೀರು ಹಾಕಿದರೂ ಅರಳುವುದಿಲ್ಲ. ಯಾದಗಿರಿಯಿಂದ, ಸುರಪುರದಿಂದ ಗುತ್ತಿಗೆದಾರರು ಅವನ ಸುಣ್ಣವನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವನ ಎರಡು ಕಣ್ಣೇ ಆ ಮನೆಯ ಬಂಡವಾಳ.

ಆ ಮನೆಯಲ್ಲಿ ಒಂದು ಕಟ್ಟುಪಾಡು ಇತ್ತು. ಭಟ್ಟಿಯ ಸುತ್ತ ದೂರಕ್ಕೆ ಒಂದು ಸಾಲು ಕಲ್ಲು ನೆಟ್ಟಿದ್ದರು. ಸುಣ್ಣ ಅರಳಿಸುವ ಗುಂಡಿಗೆ ನೀರು ಬಿಡುವ ಆಳನ್ನು ಬಿಟ್ಟರೆ ಒದ್ದೆ ಕೊಡ ಹೊತ್ತವರು ಯಾರೂ ಆ ಸಾಲು ದಾಟುವಂತಿರಲಿಲ್ಲ. ಕುಡಿಯುವ ನೀರು ಸಾಲಿನಾಚೆ, ಬೇವಿನ ಮರದ ಕೆಳಗೆ. ಇದಕ್ಕೆ ಕಾರಣವಿತ್ತು. ಹಂಪಣ್ಣನ ಅಪ್ಪ ಒಮ್ಮೆ ಸುಟ್ಟ ಸುಣ್ಣದ ಕಲ್ಲನ್ನು ಬಂಡಿಯಲ್ಲಿ ಹೇರಿಕೊಂಡು ಸುರಪುರಕ್ಕೆ ಹೊರಟಾಗ ದಾರಿಯಲ್ಲಿ ಮಳೆ ಹಿಡಿದು, ನೀರು ಕುಡಿದ ಸುಣ್ಣ ಕಾದು ಕಾದು ಬಂಡಿಗೇ ಬೆಂಕಿ ಹತ್ತಿತ್ತು. ಎತ್ತುಗಳ ಕೊರಳು ಬಿಡಿಸುವಷ್ಟರಲ್ಲಿ ಬಂಡಿ ಬೂದಿ. ಅಂದಿನಿಂದ ಆ ಮನೆಯವರಿಗೆ ಸುಣ್ಣಕ್ಕೆ ನೀರೆಂದರೆ ಬೆಂಕಿ ಇಟ್ಟಂತೆಯೇ. ಕೈಗೋ ಕಾಲಿಗೋ ಸುಣ್ಣ ತಗಲಿ ಸುಟ್ಟರೆ ಒಣ ಬಟ್ಟೆಯಿಂದ ಒರೆಸಿ ಕುಸುಬಿ ಎಣ್ಣೆ ಹಚ್ಚುತ್ತಿದ್ದರು. ನೀರು ಮುಟ್ಟಿಸುತ್ತಿರಲಿಲ್ಲ. ಅದಕ್ಕೆಂದೇ ಹಂಪಣ್ಣನ ತಾಯಿ ಭೀಮಮ್ಮ ಭಟ್ಟಿಯ ಪಕ್ಕದಲ್ಲಿ ಯಾವಾಗಲೂ ಒಂದು ಬಟ್ಟಲು ಎಣ್ಣೆ ಇಟ್ಟಿರುತ್ತಿದ್ದಳು. ಬೆರಳಿನ ಗಾಯಗಳು ಅದರಿಂದ ಮಾಯುತ್ತಿದ್ದವು ಕೂಡ.

ಸಾವಿರದ ಒಂಬೈನೂರ ಐವತ್ತಾರರ ಅಕ್ಟೋಬರ್. ಹೈದರಾಬಾದ್ ರಾಜ್ಯ ಒಡೆದು ಮೂರು ಪಾಲಾಗುವುದು ಗೊತ್ತಾಗಿತ್ತು. ತಿಂಗಳು ಮುಗಿದ ಮರುದಿನ ನಮ್ಮ ಸೀಮೆ ಮೈಸೂರಿಗೆ ಸೇರಬೇಕು. ಹೊಸ ಸರ್ಕಾರ ಬರುವುದರೊಳಗೆ ತಹಸೀಲ್ ಕಚೇರಿ, ಶಾಲೆ, ದವಾಖಾನೆ ಎಲ್ಲಕ್ಕೂ ಸುಣ್ಣ ಬಳಿಯಬೇಕೆಂದು ಹುಕುಂ ಆಯಿತು. ನಿಜಾಮನ ಕಾಲದಿಂದ ಸುಣ್ಣ ಕಾಣದ ಗೋಡೆಗಳಿಗೆಲ್ಲ ಒಂದೇ ಸಲ ಮದುವೆ ಬಂದಂತೆ. ಭಟ್ಟಿಗೆ ಬಿಡುವಿಲ್ಲ. ಕಲ್ಲು ಆರಲು ಬಿಡದೆ ಹೊರಗೆ ತೆಗೆದು ಗುಂಡಿಗೆ ಹಾಕಿ ನೀರು ಬಿಟ್ಟು ಅರಳಿಸುತ್ತಿದ್ದರು.

"ಕಲ್ಲು ಇನ್ನೂ ಬಿಸಿ ಅದಾವ್ರಿ. ನಾಳಿಗಿ ಅರಳಸ್ರಿ" ಎಂದಳು ಆಯಿ ಅಂದು ಮುಂಜಾನೆ.

"ಕುರಿ ಮಾತು ನಿಮ್ಮಪ್ಪನ ಮನ್ಯಾಗ ಮಾತಾಡು. ಸುಣ್ಣದ ಮಾತು ನನಗ ಬಿಡು" ಎಂದ ಹಂಪಣ್ಣ.

ಆಯಿ ಮೂಗು ಮುರಿದು ಕೊಡ ಎತ್ತಿಕೊಂಡು ಬಾವಿಗೆ ಹೋದಳು. ಬಾವಿಯಲ್ಲಿ ಪಕ್ಕದ ಓಣಿಯ ಖಾಸಿಂಬೀ ಸಿಕ್ಕಳು. ದವಾಖಾನೆಯ ಕಂಪೌಂಡರ್ ಸುಲ್ತಾನಸಾಬನ ಹೆಂಡತಿ, ಆಯಿಗೆ ಜೀವದ ಗೆಳತಿ. ಇಬ್ಬರೂ ಕೊಡ ತುಂಬಿ ಹೊತ್ತು ಮಾತಾಡುತ್ತ ಬರುತ್ತಿದ್ದರು. ಬೇವಿನ ಮರ ಹತ್ತಿರ ಬಂದಾಗ ಚೀರಾಟ ಕೇಳಿಸಿತು.

ಗುಂಡಿಯಲ್ಲಿ ದೊಡ್ಡ ಕಲ್ಲೊಂದು ನೀರು ಕುಡಿದು ಸಿಡಿದಿತ್ತು. ಹಂಪಣ್ಣ ಗುಂಡಿಗೆ ಬಲಮಗ್ಗುಲು ಕೊಟ್ಟು ನಿಂತು ಕೋಲಿನಿಂದ ಕಲಕುತ್ತಿದ್ದ. ಕುದಿಯುವ ಸುಣ್ಣ ಅವನ ಮುಖಕ್ಕೆ ರಾಚಿತು. ಬಲಗೆನ್ನೆಗೆ, ಬಲಗಣ್ಣಿಗೆ ಹೆಚ್ಚು. ಎಡಗಣ್ಣಿಗೆ ಅದರ ಹನಿಗಳು. ನೀರು ಬಿಡುತ್ತಿದ್ದ ಆಳು ಸಂಗಣ್ಣ ಕೊಡ ಒಗೆದು ಓಡಿಬಂದು ಮಾಲಕನನ್ನು ಹಿಡಿದು ಕೂರಿಸಿದ. ಭೀಮಮ್ಮ ಎಣ್ಣೆಯ ಬಟ್ಟಲು ಹಿಡಿದು ಓಡಿದಳು. ಮಗನ ಕೈ ಎಳೆದು ನೋಡಿದರೆ ಬಲಗಣ್ಣು ಮುಷ್ಟಿ ಹಿಡಿದಂತೆ ಮುಚ್ಚಿಕೊಂಡಿದೆ. ಎಡಗಣ್ಣು ಚೂರು ತೆರೆದಿತ್ತು. ಬಟ್ಟಲಿನ ಎಣ್ಣೆಯನ್ನೆಲ್ಲ ಅದರೊಳಗೆ ಹೊಯ್ದಳು.

"ಇನ್ನೊಂದು ತೆರಿ ಯಪ್ಪಾ, ಅದಕ್ಕೂ ಎಣ್ಣಿ ತರ್ತೀನಿ. ತೆರಿಯೋ ನನ್ನಪ್ಪಾ" ಎಂದು ಅಳುತ್ತಿದ್ದಳು.

ಗೊಲ್ಲಾಳಮ್ಮ ಕಲ್ಲಿನ ಸಾಲಿನ ಹತ್ತಿರ ಬಂದು ನಿಂತಳು. ತಲೆಯ ಮೇಲೊಂದು ಕೊಡ, ಅದರ ಬಾಯಿಗೆ ಕವುಚಿದ ತಂಬಿಗೆ, ಸೊಂಟದಲ್ಲೊಂದು ಕೊಡ. ಎದುರಿಗೆ ಗಂಡ ನೆಲದ ಮೇಲೆ ಕೂತು ಒದ್ದಾಡುತ್ತಿದ್ದಾನೆ. ಅವಳಿಗೆ ತಟ್ಟನೆ ನೆನಪಾದದ್ದು ಹಳ್ಳ, ಅಪ್ಪನ ಮೊಣಕಾಲು, ಕಣ್ಣು ಉರಿಯುವ ಮರಿ. ಮರುಕ್ಷಣವೇ ಅಂಜಿದಳು. ಅದು ಕಳ್ಳಿಯ ಹಾಲು, ಇದು ಸುಣ್ಣ. ನೀರು ಬಿದ್ದ ಸುಣ್ಣ ಕುದಿಯುವುದನ್ನು ಆ ಮನೆಗೆ ಬಂದಾಗಿನಿಂದ ದಿನವೂ ನೋಡಿದ್ದಾಳೆ. ಅಪ್ಪನ ಮಾತು ಇಲ್ಲಿ ನಡೆಯದೆ ಹೋದರೆ ತನ್ನ ಕೈಯಾರೆ ಗಂಡನ ಕಣ್ಣು ಬೇಯಿಸಿದಂತೆ. ಈ ಅಂಜಿಕೆಯನ್ನು ನನಗೆ ಹೇಳುವಾಗ, ಅಷ್ಟು ವರ್ಷಗಳ ಮೇಲೂ, ಆಯಿ ಸೆರಗಿನ ತುದಿ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ಆಗ ಅವಳಿಗೆ ಇನ್ನೊಂದು ಹೊಳೆಯಿತು. ಗುಂಡಿ ಜೋರಾಗಿ ಕುದಿದಾಗ ಇದೇ ಹಂಪಣ್ಣ ಏನು ಮಾಡುತ್ತಾನೆ? ಕೊಡಗಟ್ಟಲೆ ನೀರು ಸುರಿದು ತಣಿಸುತ್ತಾನೆ. ಸುಣ್ಣ ಕುದಿಯುವುದು ನೀರು ಸ್ವಲ್ಪವಿದ್ದಾಗ. ನೀರು ಸಾಕಷ್ಟಾದರೆ ಆರುತ್ತದೆ. ಮಳೆಗೆ ಬಂಡಿ ಸುಟ್ಟದ್ದೂ ಮಳೆ ಸಾಲದೆ ಹೋದದ್ದಕ್ಕೇ ಇರಬೇಕು. ಹೀಗೆಂದುಕೊಂಡವಳೇ ಕಲ್ಲಿನ ಸಾಲು ದಾಟಿದಳು.

ಭೀಮಮ್ಮ ನೋಡಿದಳು. "ಗೊಲ್ಲಾಳಿ! ಕೊಡ ಕೆಳಗಿಡು! ನನ್ನ ಮಗನ್ನ ಕುದಿಸಿ ಕೊಲ್ತಿಯೇನ?"

ಕೊಡದ ನೀರು ತುಳುಕಿದ ಸಪ್ಪಳ ಹಂಪಣ್ಣನಿಗೂ ಕೇಳಿತು. "ನೀರು ತರಬ್ಯಾಡ! ಅವ್ವಾ, ಅಕಿನ್ನ ಹಿಡಿ! ಸುಟ್ಟು ಹೋಗ್ತೀನಿ!" ಎಂದು ಕಿರುಚಿ, ಕೂತಲ್ಲೇ ಹಿಂದಕ್ಕೆ ಸರಿದ. ಸುಣ್ಣದ ಗುಣ ಅವನಿಗಿಂತ ಬಲ್ಲವರು ಆ ಊರಲ್ಲಿ ಯಾರೂ ಇರಲಿಲ್ಲ. ಅವನೇ ಬೇಡವೆನ್ನುತ್ತಿದ್ದ.

"ಸಂಗಣ್ಣ, ಕಾಲು ಹಿಡಿ" ಎಂದಳು ಆಯಿ.

"ಮಾಲಕರು ಬ್ಯಾಡ ಅನ್ನಾಕತ್ಯಾರ, ನಾ ಹ್ಯಾಂಗ ಹಿಡೀಲಿ ಯಕ್ಕಾ?"

"ಮಾಲಕನ ಕಣ್ಣು ಹೋದ್ರ ನಾಳಿ ಯಾರ ಭಟ್ಟಿಗಿ ಹೋಗ್ತಿ? ಹಿಡಿ ಅಂದ್ರ ಹಿಡಿ!"

ಆ ದನಿಗೆ ಸಂಗಣ್ಣ ಹಿಡಿದ. ಆಯಿ ಗಂಡನನ್ನು ಹಿಂದಕ್ಕೆ ಕೆಡವಿ, ಕಚ್ಚೆ ಬಿಗಿದು, ಅವನ ಎದೆಯ ಮೇಲೆ ಕೂತು, ಎರಡು ತೋಳುಗಳನ್ನೂ ಮೊಣಕಾಲಿನಿಂದ ಒತ್ತಿದಳು. ಕೆನ್ನೆಯ ಮೇಲಿದ್ದ ಸುಣ್ಣವನ್ನು ಮೊದಲು ಒಣಸೆರಗಿನಿಂದ ಬಳಿದು ಒಗೆದಳು. ಅವನು ಕಣ್ಣು ಬಿಡುತ್ತಿಲ್ಲ, ಬಾಯಿ ಮುಚ್ಚುತ್ತಿಲ್ಲ.

"ಹಂಪಣ್ಣ! ಬಾಯಿ ಮುಚ್ಚು, ಕಣ್ಣು ತೆರಿ!"

ಓಣಿ ನೆನೆದು ನಗುವ ಮಾತು ಇದೇ. ತನ್ನ ಹೆಸರನ್ನು ಹೆಂಡತಿಯ ಬಾಯಲ್ಲಿ ಕೇಳಿ ಅವನು ಒಂದು ಗಳಿಗೆ ನಿಜವಾಗಿಯೂ ಸುಮ್ಮನಾದ. ಅಷ್ಟರಲ್ಲಿ ಅವಳು ಹೆಬ್ಬೆರಳಿನಿಂದ ಬಲಗಣ್ಣಿನ ರೆಪ್ಪೆ ಎತ್ತಿ ತಂಬಿಗೆಯ ನೀರು ಬಿಟ್ಟಳು.

ಅವನು ಕೂಗಿದ ಕೂಗು ಗುಡ್ಡಕ್ಕೆ ಬಡಿಯಿತಂತೆ. ಆಯಿಯ ಕೈ ನಿಂತುಹೋಯಿತು. ಕುದಿಯಿತೇ? ಬೇಯಿಸಿದೆನೇ? ಅವನ ಕಿವಿಯತ್ತ ಇಳಿಯುತ್ತಿದ್ದ ಬಿಳಿ ನೀರಿಗೆ ಬೆರಳು ಹಚ್ಚಿ ನೋಡಿದಳು. ತಣ್ಣಗಿತ್ತು. ಬಾವಿಯ ನೀರು ಇದ್ದಷ್ಟೇ ತಣ್ಣಗೆ. ಆಮೇಲೆ ಅವಳು ನಿಲ್ಲಿಸಲಿಲ್ಲ. ಮೂಗಿನ ಕಡೆಯಿಂದ ಕಿವಿಯ ಕಡೆಗೆ, ಒಂದೇ ಸಮನೆ, ತಂಬಿಗೆಯ ಮೇಲೆ ತಂಬಿಗೆ. ಭೀಮಮ್ಮ ಸೊಸೆಯ ತುರುಬು ಹಿಡಿದು ಎಳೆದಳು. ತುರುಬು ಬಿಚ್ಚಿತು, ತಂಬಿಗೆ ಬಿಡಲಿಲ್ಲ.

ಎರಡು ಕೊಡ ಎಷ್ಟು ಹೊತ್ತು? ಗುಂಡಿಯ ಪಕ್ಕದ ಪೀಪಾಯಿಯಲ್ಲಿ ನೀರಿತ್ತು, ಆದರೆ ಅದು ಸುಣ್ಣ ಬೆರೆತು ಬೆಳ್ಳಗಾಗಿತ್ತು. "ನೀರು ತರ್ರೆವ್ವಾ!" ಎಂದು ಕೂಗಿದಳು. ಬಾವಿಯಿಂದ ಓಡಿಬಂದ ಹೆಂಗಸರು ಕಲ್ಲಿನ ಸಾಲಿನ ಹತ್ತಿರ ಬಂದು ಸಾಲಾಗಿ ನಿಂತರು. ತುಂಬಿದ ಕೊಡ ಹೊತ್ತು ನಿಂತೇ ನಿಂತರು. ಭೀಮಮ್ಮನ ಮಾತು ಮೀರಿ ಒಳಗೆ ಕಾಲಿಡಲು ಒಬ್ಬರಿಗೂ ಧೈರ್ಯವಿಲ್ಲ. ಆಗ ಖಾಸಿಂಬೀ ಅವರನ್ನೆಲ್ಲ ತಳ್ಳಿಕೊಂಡು ಬಂದಳು. "ಕಲ್ಲು ಮುಂದ ಪೂಜಾ ಮಾಡ್ರಿ, ಮೊದ್ಲ ನೀರು ಕೊಡ್ರಿ!" ಎಂದು ತನ್ನ ಕೊಡದ ಜೊತೆ ಒಬ್ಬಳ ತಲೆಯ ಮೇಲಿನ ಕೊಡವನ್ನೂ ತಾನೇ ಇಳಿಸಿಕೊಂಡು ಸಾಲು ದಾಟಿದಳು. ಅವಳ ಹಿಂದೆ ಉಳಿದವರೂ ಬಂದರು.

ಬಲಗಣ್ಣಿನಿಂದ ಇಳಿಯುವ ನೀರು ತಿಳಿಯಾಗತೊಡಗಿತು. ಆಯಿ ಎಡಗಣ್ಣಿನತ್ತ ಕೈ ಹಾಕಿದಳು. ಅಲ್ಲಿ ಎಣ್ಣೆಯ ಮೇಲೆ ನೀರು ನಿಲ್ಲದೆ ಜಾರಿ ಹೋಗುತ್ತಿತ್ತು. ಎಣ್ಣೆ ಒರೆಸಬೇಕೆಂದು ಸೆರಗು ತಂದಳು. ಆದರೆ ಭೀಮಮ್ಮ ಮಗನ ತಲೆಯ ಹತ್ತಿರ ಕುಸಿದು ಕೂತು, ಆ ಕಣ್ಣನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಬಿಟ್ಟಳು.

"ಇದನ್ನ ಮುಟ್ಟಬ್ಯಾಡ. ನಿನ್ನ ಕಾಲು ಹಿಡೀತೀನಿ, ಮುಟ್ಟಬ್ಯಾಡ. ಅದನ್ನಂತೂ ನೀ ಸುಟ್ಟಿ, ಇದಾದ್ರೂ ಉಳೀಲಿ!"

ಆ ಅಂಗೈಯನ್ನು ಸರಿಸಲು ಆಯಿ ನೋಡಿದಳು. ಆಗಲಿಲ್ಲ. ಅತ್ತೆಯ ಕೈ ಕಿತ್ತೆಸೆದು ಬಡಿದಾಡುವಷ್ಟು ಕಟುಕತನ ಅವಳಿಗೂ ಬರಲಿಲ್ಲ. ಸಂಗಣ್ಣ ಬಂಡಿ ಹೂಡಿದ. ದವಾಖಾನೆ ಮುಟ್ಟುವ ತನಕ ಕುಲುಕುವ ಬಂಡಿಯಲ್ಲಿ ಆಯಿ ಬಲಗಣ್ಣಿಗೆ ನೀರು ಬಿಡುತ್ತಲೇ ಇದ್ದಳು, ಭೀಮಮ್ಮ ಎಡಗಣ್ಣನ್ನು ಮುಚ್ಚಿಕೊಂಡೇ ಇದ್ದಳು. ನಡುವೆ ಹಂಪಣ್ಣ ಹೆಂಡತಿಯನ್ನು ಬಾಯಿಗೆ ಬಂದಂತೆ ಬೈಯುತ್ತಲೇ ಇದ್ದ.

ದವಾಖಾನೆಯ ಡಾಕ್ಟರು ತೆಲಂಗಾಣದ ಕಡೆಯವರು. ಕನ್ನಡ ಬಾರದು, ಉರ್ದು ಮಾತಾಡುತ್ತಿದ್ದರು. ಸುಲ್ತಾನಸಾಬ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ. ಖಾಸಿಂಬೀ ಮೊದಲೇ ಓಡಿಹೋಗಿ ಹೇಳಿದ್ದರಿಂದ ಮೇಜು ಸಜ್ಜಾಗಿತ್ತು. ಕಣ್ಣು ಜೋಮು ಹಿಡಿಯುವ ಹನಿ ಹಾಕಿ, ಉಪ್ಪುನೀರಿನ ಡಬ್ಬಿಯನ್ನು ಮೇಲೆ ತೂಗಿಬಿಟ್ಟು, ರಬ್ಬರ್ ನಳಿಕೆಯಿಂದ ಮತ್ತೆ ನೀರು ಬಿಡತೊಡಗಿದರು.

"ಇನ್ನೂ ನೀರಾ?" ಎಂದ ಹಂಪಣ್ಣ. ಡಾಕ್ಟರೇ ನೀರು ಬಿಟ್ಟಾಗ ಅವನ ದನಿ ಸ್ವಲ್ಪ ಇಳಿದಿತ್ತು.

"ಇನ್ನೂ ಭಾಳ ಅದ. ಸುಮ್ನ ಮಲಗು" ಎಂದ ಸುಲ್ತಾನಸಾಬ. "ಬೆಂಕಿ ಸುಟ್ಟು ಹೋಗ್ತದ. ಸುಣ್ಣ ಹಂಗಲ್ಲ ಅಂತಾರ ಸಾಹೇಬ್ರು. ಅಲ್ಲೇ ಕುಂತು ಒಳಗ ತಿನಕೋತ ಹೋಗ್ತದ. ತೊಳದಷ್ಟೂ ಚಲೋ."

ಡಾಕ್ಟರು ಬಲಗಣ್ಣಿನ ರೆಪ್ಪೆಯನ್ನು ಕಡ್ಡಿಗೆ ಮಡಚಿ ತಿರುವಿ ನೋಡಿದರು. ಒಳಮಗ್ಗುಲಲ್ಲಿ ಮರಳಿನಂಥ ಬಿಳಿ ಚೂರುಗಳಿದ್ದವು. ಎಷ್ಟು ನೀರು ಹೊಯ್ದರೂ ಅವು ಅಲ್ಲೇ ಕೂತಿದ್ದವು. ಹತ್ತಿಯ ಬತ್ತಿಯಿಂದ ಒಂದೊಂದನ್ನೇ ಒರೆಸಿ ತೆಗೆದರು. ಆ ಚೂರುಗಳ ವಿಷಯ ಆಯಿಗೆ ಗೊತ್ತಿರಲಿಲ್ಲ. ಡಾಕ್ಟರು ಇಲ್ಲದಿದ್ದರೆ ತಾನು ಹೊಯ್ದ ನೀರೆಲ್ಲ ನೀರುಪಾಲೇ ಆಗುತ್ತಿತ್ತೆಂದು ಅವಳೇ ಹೇಳುತ್ತಿದ್ದಳು. ಆಮೇಲೆ ಎಡಗಣ್ಣು ತಿರುವಿದರು. ಅಲ್ಲಿ ಎಣ್ಣೆ ಮತ್ತು ಸುಣ್ಣ ಕಲೆತು ಮುದ್ದೆಯಾಗಿ ರೆಪ್ಪೆಯ ಕೆಳಗೆ ಮೆತ್ತಿಕೊಂಡಿತ್ತು. ಡಾಕ್ಟರ ಹುಬ್ಬು ಗಂಟಾಯಿತು.

"ತೇಲ್ ಕಿಸ್‌ನೇ ಡಾಲಾ?" ಎಂದರು.

ಎಣ್ಣೆ ಹಾಕಿದ್ದು ಯಾರು ಎಂಬ ಅದೊಂದು ಮಾತನ್ನು ಸುಲ್ತಾನಸಾಬ ಕನ್ನಡಕ್ಕೆ ತಿರುಗಿಸಲಿಲ್ಲ. ಹತ್ತಿ ಕೊಡುವ ನೆಪದಲ್ಲಿ ಆ ಕಡೆ ತಿರುಗಿದ. ಆದರೆ ನಿಜಾಮನ ಸೀಮೆಯಲ್ಲಿ ಹುಟ್ಟಿ ಮುದುಕಿಯಾದವಳಿಗೆ ಅಷ್ಟು ಉರ್ದು ತಿಳಿಯದೇ? ಬಾಗಿಲ ಹತ್ತಿರ ನಿಂತಿದ್ದ ಭೀಮಮ್ಮ ಎಣ್ಣೆ ಮೆತ್ತಿದ ತನ್ನ ಅಂಗೈ ನೋಡಿಕೊಂಡಳು. ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಸಂಕಟವಾಗುವುದು ಇಲ್ಲಿಯೇ.

ಬಲಗಣ್ಣಿನ ಬಗ್ಗೆ ಆಸೆ ಇದೆ, ಎಡಗಣ್ಣಿನ ಮಾತು ಹೇಳಲಾರೆ ಎಂದರು ಡಾಕ್ಟರು. ಅಪಾಯ ಇನ್ನೂ ಮುಗಿದಿರಲಿಲ್ಲ. ಸುಟ್ಟ ರೆಪ್ಪೆಯ ಒಳಮೈ ಕಣ್ಣುಗುಡ್ಡೆಗೆ ಅಂಟಿ ಬೆಳೆಯುತ್ತದೆ. ಅಂಟಿದರೆ ಒಳಗಿನ ಕಣ್ಣು ಚೆನ್ನಾಗಿದ್ದರೂ ಉಪಯೋಗವಿಲ್ಲ. ಅದಕ್ಕೆ ಒಂದು ನುಣುಪಾದ ಗಾಜಿನ ಕಡ್ಡಿಗೆ ಮುಲಾಮು ಸವರಿ, ರೆಪ್ಪೆಯ ಕೆಳಗೆ ಹಾಕಿ ಈ ತುದಿಯಿಂದ ಆ ತುದಿಗೆ ಎಳೆಯಬೇಕು. ದಿನಕ್ಕೆ ಹಲವು ಸಲ, ಮನೆಯಲ್ಲಿಯೇ. ಅಷ್ಟಲ್ಲದೆ ಡಾಕ್ಟರಿಗೆ ಆಂಧ್ರದ ಕಡೆ ಬದಲಿಯ ಹುಕುಂ ಬಂದಿತ್ತು. ರಾಜ್ಯ ಒಡೆಯುವ ಹೊತ್ತಿಗೆ ಅವರು ಹೊರಟುಬಿಡಬೇಕು. ಮೈಸೂರಿನವರು ಯಾರನ್ನು ಕಳಿಸುತ್ತಾರೋ, ಯಾವಾಗ ಕಳಿಸುತ್ತಾರೋ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರು ಆಯಿಯನ್ನು ಕರೆದು, ಕಡ್ಡಿಯನ್ನು ಕುದಿಸುವುದು, ಆರಿಸುವುದು, ಕೈ ನಡುಗಿಸದೆ ಎಳೆಯುವುದು ಎಲ್ಲವನ್ನೂ ಮಾಡಿ ತೋರಿಸಿದರು. ಅವಳ ಕೈಯಿಂದ ಮಾಡಿಸಿಯೂ ನೋಡಿದರು.

ಮನೆಗೆ ಬಂದ ಮೇಲೆ ಹಂಪಣ್ಣ ಹೆಂಡತಿಯನ್ನು ಹತ್ತಿರ ಬಿಡಲಿಲ್ಲ. ಎರಡೂ ಕಣ್ಣಿಗೆ ಮಂಜು. ಬೆಳಕು ಬಿಟ್ಟರೆ ಏನೂ ಕಾಣದು.

"ನೀರು ಹಾಕಿ ನನ್ನ ಕುರುಡ ಮಾಡೀದಿ. ಈಗ ಗಾಜು ಚುಚ್ಚಾಕ ಬಂದಿಯೇನ? ಅವ್ವ ಮಾಡ್ಲಿ."

ಭೀಮಮ್ಮ ಕಡ್ಡಿ ಹಿಡಿದಳು. ರೆಪ್ಪೆ ಎತ್ತಿದಳು, ಕಡ್ಡಿ ಒಳಗೆ ಹಾಕಲಾಗಲಿಲ್ಲ. ಕಡ್ಡಿ ಕೆಳಗಿಟ್ಟು ಅಡುಗೆಮನೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಆಯಿ ಹೋದರೆ ಹಂಪಣ್ಣ ಮುಖ ತಿರುಗಿಸಿ ಕೌದಿ ಹೊದ್ದುಕೊಳ್ಳುತ್ತಿದ್ದ. ಬೇಡಿಕೊಂಡಳು, ಬೈದಳು, ಉಣ್ಣದೆ ಕೂತಳು. ಹೀಗೆ ಆ ದಿನವೆಲ್ಲ ಹೋಯಿತು, ಮರುದಿನವೂ ಹೋಯಿತು. ಸಂಜೆಗೆ ಬಂದ ಸುಲ್ತಾನಸಾಬ ರೆಪ್ಪೆ ಎತ್ತಲು ಹೋದ. ಬಲಗಣ್ಣಿನ ರೆಪ್ಪೆಯ ಒಂದು ಮೂಲೆ ಆಗಲೇ ಹಿಡಿದುಕೊಂಡಿತ್ತು.

ಸುಲ್ತಾನಸಾಬ ಮೆತ್ತನೆಯ ಮನುಷ್ಯ. ಅಂದು ಅವನಿಗೂ ತಲೆ ಕೆಟ್ಟಿತು. ಆಯಿ ಗಂಡನ ತಲೆ ಹಿಡಿದುಕೊಂಡಳು, ಅವನು ಕಡ್ಡಿಯಿಂದ ಅಂಟು ಬಿಡಿಸಿದ. ಹಂಪಣ್ಣ ಹಲ್ಲು ಕಚ್ಚಿ ನರಳಿದ.

"ಹಂಪಣ್ಣ, ಕೇಳು" ಎಂದ ಸುಲ್ತಾನಸಾಬ, ಕಡ್ಡಿ ಒರೆಸುತ್ತ. "ಇನ್ನೆರಡು ದಿನ ಹಿಂಗ ಬಿಟ್ಟಿದ್ರ ರೆಪ್ಪಿ ಹೊಲದಂಗ ಕೂತುಬಿಡ್ತಿತ್ತು. ಡಾಕ್ಟರ್ ಸಾಹೇಬ್ರು ಸಾಮಾನು ಕಟ್ಯಾರ. ಅವ್ರು ಹೋದ ಮ್ಯಾಲ ನಿನಗ ಕೊಯ್ದು ಬಿಡಸಾವ್ರು ಈ ಊರಾಗ ಯಾರೂ ಇಲ್ಲ. ನಿನ್ನ ಹೆಂಡತಿ ಕೈ ಬ್ಯಾಡಂದ್ರ ಕಣ್ಣೂ ಬ್ಯಾಡ ಅನ್ನು. ನಾ ಮನಿಗಿ ಹೋಗ್ತೀನಿ."

ಆಯಿ ಕಡ್ಡಿ ಕುದಿಯಲು ಇಟ್ಟಳು. ಅದನ್ನು ಆರಿಸಿ, ಮುಲಾಮು ಸವರಿಕೊಂಡು ಬಂದು ಗಂಡನ ತಲೆಯ ಹತ್ತಿರ ಕೂತಳು. ಅವನು ಮುಖ ತಿರುಗಿಸಲಿಲ್ಲ.

"ನೀ ಹೇಳ್ದಿ ಅಂತಲ್ಲ ಮತ್ತ" ಎಂದ. "ಈ ಮಗ್ಗುಲಾಗಿ ಮಲಗಿ ಕುತ್ತಿಗಿ ನೋಯಾಕತ್ತದ, ಅದಕ್ಕ ಹಿಂಗ ಮಲಗೀನಿ."

"ಹೂಂ ಬಿಡ್ರಿ, ಕುತ್ತಿಗಿಗೇ ಮಾಡಾಕತ್ತೀನಿ" ಎಂದಳು ಆಯಿ. ಕಡ್ಡಿ ಒಳಗೆ ಹೋಯಿತು. ಅವನು ಅವಳ ಸೀರೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಿಗಿಯಾಗಿ ಮಲಗಿದ್ದ.

ಡಾಕ್ಟರು ಹೊರಡುವ ಮುಂಚೆ ಬಂಡಿ ನಿಲ್ಲಿಸಿ ಮನೆಗೆ ಬಂದು ಒಮ್ಮೆ ನೋಡಿದರು. ಉಳಿದ ಮುಲಾಮಿನ ಡಬ್ಬಿಯನ್ನೆಲ್ಲ ಆಯಿಯ ಕೈಗಿಟ್ಟು, "ಮತ್ ಛೋಡ್ನಾ", ಬಿಡಬೇಡ, ಎಂದಷ್ಟೇ ಹೇಳಿ ಹೋದರು. ಮರುದಿನ ಕಚೇರಿಯ ಮುಂದೆ ಮಿಠಾಯಿ ಹಂಚಿದರು. ಮೈಸೂರು ಸೇರಿದೆವೆಂದು ಊರೆಲ್ಲ ಸಡಗರ. ಕಚೇರಿಗೆ ಬೇರೆ ಯಾರದೋ ಭಟ್ಟಿಯ ಸುಣ್ಣ ಬಳಿದಿತ್ತು. ನಮ್ಮ ಮನೆಯಲ್ಲಿ ಆಯಿ ಒಲೆಯ ಮುಂದೆ ಕೂತು ಕಡ್ಡಿ ಕುದಿಸುತ್ತಿದ್ದಳು. ಬಲಗಣ್ಣು ಬರುತ್ತದೋ ಇಲ್ಲವೋ ಎಂದು ಕೇಳಲು ಈಗ ಯಾರೂ ಇರಲಿಲ್ಲ. ಆ ದಿನಗಳಲ್ಲಿ ತಾನು ದೇವರಿಗೆ ಕೈ ಮುಗಿಯುವುದನ್ನೂ ಮರೆತಿದ್ದೆ ಎನ್ನುತ್ತಿದ್ದಳು.

ಚಳಿ ಹಿಡಿದ ಮೇಲೆ ಸಂಗಣ್ಣ, ಎಷ್ಟು ದಿನ ಭಟ್ಟಿ ತಣ್ಣಗಿರಬೇಕು ಎಂದು, ತನ್ನ ತಿಳಿವಳಿಕೆಗೆ ಬಂದಂತೆ ಕಲ್ಲು ತುಂಬಿ ಬೆಂಕಿ ಹಚ್ಚಿದ್ದ. ಕಲ್ಲು ತೆಗೆಯುವ ಸಂಜೆ ಹಂಪಣ್ಣ ಹಸಿರು ಬಟ್ಟೆಯನ್ನು ಕಣ್ಣಿನ ಮೇಲೆ ಇಳಿಬಿಟ್ಟುಕೊಂಡು ಭಟ್ಟಿಗೆ ಎದುರಾಗಿ ಮನೆಯ ಹೊಸ್ತಿಲಲ್ಲಿ ಕೂತಿದ್ದ. ಆಯಿ ರೊಟ್ಟಿ ಬಡಿಯುತ್ತಿದ್ದಳು. ಸಂಗಣ್ಣ ಭಟ್ಟಿಯ ಬಾಯಿ ಕೆದರಿ ಕಲ್ಲು ತೆಗೆಯಲು ಸಜ್ಜಾದ. ಅಷ್ಟರಲ್ಲಿ ಹೊಸ್ತಿಲಿನಿಂದ ದೊಡ್ಡ ದನಿ ಬಂತು.

"ಏ ಸಂಗ್ಯಾ! ಯಾಕ ತೆಗಿಯಾಕತ್ತೀದಿ? ಉರಿ ಇನ್ನಾ ಕೆಂಪದ! ಕಲ್ಲು ಬೆಂದಿಲ್ಲ!"

ಆಯಿಯ ಕೈಯಲ್ಲಿದ್ದ ಹಿಟ್ಟು ಹಾಗೇ ಉಳಿಯಿತು. ಓಡಿಬಂದು ನೋಡಿದರೆ ಅವನು ಬಟ್ಟೆ ಎತ್ತಿ, ಬಲಗಣ್ಣು ಕಿರಿದು ಮಾಡಿ, ಭಟ್ಟಿಯ ಕಡೆಗೇ ನೋಡುತ್ತಿದ್ದ. ಕಣ್ಣಿಂದ ನೀರು ಇಳಿಯುತ್ತಿತ್ತು. ಆಯಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಗೊಳೋ ಎಂದು ಅತ್ತಳು. ಅಷ್ಟು ದಿನದಲ್ಲಿ ಅವಳು ಅತ್ತದ್ದು ಅದೇ ಮೊದಲು. "ಯಾಕ ಅಳ್ತಿ? ರೊಟ್ಟಿ ಹತ್ತಾಕತ್ತಾವ ನೋಡು" ಎಂದು ಗದರಿದ ಅಜ್ಜ.

ಎಡಗಣ್ಣು ಬರಲಿಲ್ಲ. ಅದರ ಮೇಲೆ ಬಿಳಿ ಪೊರೆ ಕಟ್ಟಿ, ಸುಣ್ಣದ ಹನಿ ಒಣಗಿದಂತೆ ಉಳಿಯಿತು. ನೀರು ಹೊಯ್ದ ಕಣ್ಣು ಯಾವುದು, ಎಣ್ಣೆ ಹೊಯ್ದ ಕಣ್ಣು ಯಾವುದು ಎಂಬುದು ಊರಿಗೆಲ್ಲ ಗೊತ್ತಿತ್ತು. ಅವನ ಮುಖ ನೋಡಿದವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಮತ್ತೆ ಭಟ್ಟಿಗೆ ಹೋದ ಮೊದಲ ದಿನ ಹಂಪಣ್ಣ ಕಲ್ಲಿನ ಸಾಲಿನೊಳಗೆ, ಗುಂಡಿಯಿಂದ ಕೈಗೆಟಕುವಲ್ಲಿ, ನೀರು ತುಂಬಿಡುವ ಒಂದು ದೊಡ್ಡ ಮಣ್ಣಿನ ಹರವಿಯನ್ನು ತಾನೇ ಹೂಳಿ ನಿಲ್ಲಿಸಿದ. ಅದರ ನೀರನ್ನು ಕುಡಿಯುವಂತಿಲ್ಲ, ಮುಚ್ಚಳ ತೆಗೆದಿಡುವಂತಿಲ್ಲ. ಯಾ‌ಕೆಂದು ಹೆಂಡತಿಗೆ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಸುತ್ತಲ ಭಟ್ಟಿಗಳಲ್ಲೂ ಹರವಿಗಳು ಬಂದವು. ಕಕ್ಕೇರಾದಲ್ಲಿ ಗೋಡೆ ಬಳಿಯುತ್ತಿದ್ದವನೊಬ್ಬನ ಕಣ್ಣಿಗೆ ಸುಣ್ಣ ಬಿದ್ದಾಗ ಅಲ್ಲಿನವರು, ಶಹಾಪುರದ ಗೊಲ್ಲಾಳಮ್ಮ ಮಾಡಿದ ಹಾಗೆ ಮಾಡಿರಿ ಎಂದರಂತೆ. ಇದನ್ನು ಕೇಳಿ ಆಯಿ, "ಎದಿ ಮ್ಯಾಲೂ ಕುಂತಿದ್ರೇನು?" ಎಂದು ಕೇಳಿದ್ದಳು.

ಭೀಮಮ್ಮ ಮಾತ್ರ ಬದಲಾದಳು. ಮಗನ ಎಡಮಗ್ಗುಲಿಗೆ ಬಿಟ್ಟರೆ ಬೇರೆ ಕಡೆ ಕೂರುತ್ತಿರಲಿಲ್ಲ. ಉಣ್ಣುವಾಗಲೂ ಅಷ್ಟೇ, ಕಟ್ಟೆಯ ಮೇಲೆ ಹರಟುವಾಗಲೂ ಅಷ್ಟೇ. ಅವನಿಗೆ ತನ್ನ ಮುಖ ಕಾಣದ ಕಡೆ ಕೂತುಕೊಳ್ಳುತ್ತಿದ್ದಳು. ಎಣ್ಣೆಯ ಬಟ್ಟಲನ್ನು ಯಾರಿಗೋ ಕೊಟ್ಟುಬಿಟ್ಟಳು. ಹರವಿಯ ನೀರು ಬದಲಿಸುವ ಕೆಲಸವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಸೊಸೆಯ ಮೇಲೆ ದನಿ ಎತ್ತುವುದನ್ನೂ ಬಿಟ್ಟಳು. ಅವಳ ಬೈಗುಳವಿಲ್ಲದೆ ಮನೆ ಮನೆಯಂತೆಯೇ ಅನಿಸುತ್ತಿರಲಿಲ್ಲ ಎನ್ನುತ್ತಿದ್ದಳು ಆಯಿ.

ಕೆಲವು ವರ್ಷಗಳ ಮೇಲೆ ಭೀಮಮ್ಮ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಆಯಿ ಅವಳ ಬಾಯಿಗೆ ಗಂಜಿ ಹಾಕುತ್ತಿದ್ದಳು. ಹಂಪಣ್ಣ ಬಾಗಿಲ ಹತ್ತಿರ ಹಗ್ಗ ಹೊಸೆಯುತ್ತ ಕೂತಿದ್ದ. ಮುದುಕಿ ಸೊಸೆಯ ಕೈ ಹಿಡಿದು ನಿಲ್ಲಿಸಿದಳು.

"ಗೊಲ್ಲಾಳಿ, ಖರೆ ಹೇಳು. ಅವತ್ತ ನಾ ಎಣ್ಣಿ ಹಾಕಿದ್ದಿಲ್ಲಂದ್ರ, ಕೈ ಮುಚ್ಚಿದ್ದಿಲ್ಲಂದ್ರ, ಆ ಕಣ್ಣೂ ಉಳೀತಿತ್ತಲ್ಲ?"

ಆಯಿ ಗಂಜಿಯ ಬಟ್ಟಲು ಕೆಳಗಿಟ್ಟಳು.

"ಇಲ್ರಿ ಅತ್ತಿ. ನೀವು ಹಾಕಿದ್ರೂ ಅಷ್ಟ, ಬಿಟ್ಟಿದ್ರೂ ಅಷ್ಟ. ಸುಣ್ಣ ಸಿಡಿದದ್ದ ಎಡಗಡೀಗಿ. ದೊಡ್ಡ ಹೆಂಟಿ ಬಂದು ಆ ಕಣ್ಣಿಗೇ ಬಡೀತು. ಅದು ಅಲ್ಲೇ ಹೋಗಿತ್ತು."

ಭೀಮಮ್ಮ ನಂಬಲಿಲ್ಲ. ಸೊಸೆ ಸಮಾಧಾನಕ್ಕೆ ಹೇಳುತ್ತಿದ್ದಾಳೆಂದು ಅವಳಿಗೆ ಅನಿಸಿರಬೇಕು. ಕುತ್ತಿಗೆ ಹೊರಳಿಸಿ ಬಾಗಿಲ ಕಡೆ ನೋಡಿದಳು. ಗುಂಡಿಯ ಹತ್ತಿರ ನಿಂತಿದ್ದವನು ಅವನು. ಯಾವ ಮಗ್ಗುಲು ಕೊಟ್ಟು ನಿಂತಿದ್ದೆನೆಂದು ಅವನಿಗಲ್ಲದೆ ಯಾರಿಗೆ ಗೊತ್ತು? ಅಲ್ಲದೆ ಹೆಂಡತಿ ಏನೇ ಹೇಳಿದರೂ ಅಲ್ಲ ಎನ್ನುವ ಮಗ.

ಹಂಪಣ್ಣ ಹಗ್ಗ ಪಕ್ಕಕ್ಕಿಟ್ಟು ಎದ್ದು ಬಂದ. ತಾಯಿಗೆ ತನ್ನ ಮುಖ ಕಾಣುವಂತೆ, ತನಗೆ ಅವಳ ಮುಖ ಕಾಣುವಂತೆ, ಹಾಸಿಗೆಯ ಈಚೆ ಮಗ್ಗುಲಿಗೆ ಕೂತ.

"ಹೌದವ್ವಾ" ಎಂದ. "ಅಕಿ ಹೇಳೂದು ಖರೆ ಅದ."